ಅಮೆರಿಕದಲ್ಲಿ ಟ್ರಕ್ಕಿಗೆ ಕಟ್ಟಿದ 2290 ಟ್ಯಾಕ್ಸ್ ವಾಪಸ್ ಪಡೆಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಜುಲೈಯಲ್ಲಿ ಇಡೀ ವರ್ಷಕ್ಕೆಂದು 550 ಡಾಲರ್ ಕಟ್ಟಿದಿರಿ. ಡಿಸೆಂಬರ್‌ನಲ್ಲಿ ಟ್ರಕ್ ಮಾರಿದಿರಿ. ಉಳಿದ ಆರು ತಿಂಗಳ 275 ಡಾಲರ್ ನಿಮ್ಮ ದುಡ್ಡೇ, ಆದರೆ ನೀವು ಕೇಳದೆ ಅದು ವಾಪಸ್ ಬರುವುದಿಲ್ಲ. ಟ್ರಕ್ ಕೈಬದಲಾಯಿಸಿದ್ದು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ತಾನಾಗಿ ತಿಳಿಯುವುದಿಲ್ಲ. ಅರ್ಜಿ ಹಾಕಬೇಕು. ಅದಕ್ಕೆ ಒಂದು ಫಾರ್ಮ್, ಒಂದು ಶೆಡ್ಯೂಲ್ (ಫಾರ್ಮ್ ಜೊತೆ ಲಗತ್ತಿಸುವ ಹಾಳೆ), ಒಂದು ವಿವರಣೆಯ ಹಾಳೆ ಸಾಕು. ಇಷ್ಟು ಸುಲಭ ಇದ್ದರೂ ಒಂದೇ ಟ್ರಕ್ ಇಟ್ಟುಕೊಂಡು ತಾವೇ ಓಡಿಸುವ ಎಷ್ಟೋ ಜನ ಇದನ್ನು ಹಾಗೇ ಬಿಟ್ಟುಬಿಡುತ್ತಾರೆ, ಅದು ನನಗೆ ನಿಜವಾಗಿಯೂ ಬೇಸರ. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೇ ಜನ ಇರುತ್ತಾರೆ. ಸಣ್ಣ ಮಾಲೀಕರಿಗೆ ಹೇಳುವವರು ಯಾರೂ ಇಲ್ಲ.

ಅಮೆರಿಕದಲ್ಲಿ ಟ್ರಕ್ ಇಟ್ಟಿರುವ ಕನ್ನಡಿಗರಿಗೂ, ಬೆಂಗಳೂರಲ್ಲೋ ಮೈಸೂರಲ್ಲೋ ಕೂತು ಅಲ್ಲಿನ ಟ್ರಕ್ ಕಂಪನಿಗಳ ಲೆಕ್ಕಪತ್ರ ನೋಡುವವರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇದು ಯಾವ ಟ್ಯಾಕ್ಸ್?

ಹೈವೇ ಮೇಲೆ ಓಡುವ ಭಾರಿ ವಾಹನಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಹಾಕುವ ವಾರ್ಷಿಕ ಬಳಕೆ ತೆರಿಗೆ ಇದು. ಫಾರ್ಮ್ 2290ರಲ್ಲಿ ಕಟ್ಟುವುದರಿಂದ ಎಲ್ಲರೂ ಇದನ್ನು ಸುಮ್ನೆ 2290 ಅಂತಲೇ ಕರೆಯುತ್ತಾರೆ. ದುಡ್ಡು ಹೈವೇ ಟ್ರಸ್ಟ್ ಫಂಡ್‌ಗೆ ಹೋಗುತ್ತದೆ. 55,000 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 25 ಟನ್, ಅಥವಾ ಅದಕ್ಕಿಂತ ಜಾಸ್ತಿ ಗ್ರಾಸ್ ತೂಕ ಇರುವ ವಾಹನಗಳು ಇದರಡಿ ಬರುತ್ತವೆ. ಈ ತೂಕದಲ್ಲಿ ಖಾಲಿ ಟ್ರಕ್, ಅದು ಸಾಮಾನ್ಯವಾಗಿ ಎಳೆಯುವ ಟ್ರೇಲರ್, ಅದರ ಮೇಲೆ ಸಾಮಾನ್ಯವಾಗಿ ಹೇರುವ ಅತಿ ಹೆಚ್ಚಿನ ಲೋಡ್, ಮೂರೂ ಸೇರುತ್ತವೆ. 55,000 ಪೌಂಡ್‌ಗೆ ವರ್ಷಕ್ಕೆ 100 ಡಾಲರ್. ಅದರ ಮೇಲೆ ಪ್ರತಿ 1,000 ಪೌಂಡ್‌ಗೆ 22 ಡಾಲರ್. 75,000 ಪೌಂಡ್ ದಾಟಿದರೆ 550 ಡಾಲರ್, ಅದಕ್ಕಿಂತ ಮೇಲೆ ಏರುವುದಿಲ್ಲ. ಇದನ್ನು ವಿ ಕೆಟಗರಿ ಅನ್ನುತ್ತಾರೆ. ಹೈವೇ ಮೇಲೆ ನೀವು ನೋಡುವ 18 ಚಕ್ರದ ದೊಡ್ಡ ಗಾಡಿಗಳು ಹೆಚ್ಚಾಗಿ ಇದರಲ್ಲೇ ಬರುತ್ತವೆ. 1984ರಿಂದ ಈ ದರ ಬದಲಾಗಿಲ್ಲ. ಕಾಡಿನಿಂದ ಮರ ಸಾಗಿಸುವ ವಾಹನಗಳಿಗೆ ಇದರ ಮುಕ್ಕಾಲು ಭಾಗ ಮಾತ್ರ, ಗರಿಷ್ಠ 412.50 ಡಾಲರ್.

ಟ್ಯಾಕ್ಸ್ ವರ್ಷ ಜುಲೈ 1ರಿಂದ ಜೂನ್ 30ರ ತನಕ. ಜುಲೈಯಲ್ಲಿ ರಸ್ತೆಗಿಳಿದ ಟ್ರಕ್ಕಿಗೆ ಆಗಸ್ಟ್ 31ರೊಳಗೆ ಕಟ್ಟಬೇಕು. ಬೇರೆ ತಿಂಗಳಲ್ಲಿ ಮೊದಲ ಸಲ ಓಡಿಸಿದರೆ ಅದರ ಮುಂದಿನ ತಿಂಗಳ ಕೊನೆಯ ದಿನದೊಳಗೆ. ಕಟ್ಟಿದ ಮೇಲೆ ಐಆರ್‌ಎಸ್ ಸ್ಟ್ಯಾಂಪ್ ಇರುವ ಶೆಡ್ಯೂಲ್ 1 ಸಿಗುತ್ತದೆ. ಅದನ್ನು ತೋರಿಸಿಯೇ ನೀವು ನಿಮ್ಮ ರಾಜ್ಯದಲ್ಲಿ ರಿಜಿಸ್ಟ್ರೇಷನ್ ಮಾಡಿಸಿದ್ದು. ಈಗ ಆ ಹಾಳೆಯನ್ನು ಹುಡುಕಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಮುಂದಿನದ್ದೆಲ್ಲ ಅದರಿಂದಲೇ ಶುರು.

ಹಂತ 1: ನಿಮಗೆ ವಾಪಸ್ ಬರಬೇಕಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಕಾನೂನು ನಾಲ್ಕೇ ನಾಲ್ಕು ಕಾರಣಗಳನ್ನು ಒಪ್ಪುತ್ತದೆ. ಒಂದು, ಜೂನ್ 1ಕ್ಕೆ ಮೊದಲು ಟ್ರಕ್ ಮಾರಾಟ ಆಗಿರಬೇಕು. ಎರಡು, ಜೂನ್ 1ಕ್ಕೆ ಮೊದಲು ಅದು ನಾಶ ಆಗಿರಬೇಕು ಅಥವಾ ಕಳುವಾಗಿರಬೇಕು. ಇವೆರಡರಲ್ಲೂ ಟ್ಯಾಕ್ಸ್ ವರ್ಷದ ಉಳಿದ ಅವಧಿಯಲ್ಲಿ ನೀವು ಅದನ್ನು ಓಡಿಸಿರಬಾರದು. ಮೂರು, ಇಡೀ ಟ್ಯಾಕ್ಸ್ ವರ್ಷದಲ್ಲಿ ಅದು ಸಾರ್ವಜನಿಕ ರಸ್ತೆಗಳಲ್ಲಿ 5,000 ಮೈಲಿಗಿಂತ ಜಾಸ್ತಿ ಓಡಿರಬಾರದು. ಕೃಷಿ ವಾಹನಕ್ಕೆ ಈ ಮಿತಿ 7,500 ಮೈಲಿ. ನಾಲ್ಕು, ತಪ್ಪಾಗಿ ಹೆಚ್ಚು ಕಟ್ಟಿರಬೇಕು. ಉದಾಹರಣೆಗೆ ಒಂದೇ ಟ್ರಕ್ಕಿಗೆ ನೀವೊಮ್ಮೆ ಕಾಗದದಲ್ಲಿ ಕಟ್ಟಿ, ನಿಮ್ಮ ಅಕೌಂಟೆಂಟ್ ಮತ್ತೊಮ್ಮೆ ಆನ್‌ಲೈನ್‌ನಲ್ಲಿ ಕಟ್ಟಿರಬಹುದು. ಅಥವಾ 60,000 ಪೌಂಡ್ ಗಾಡಿಯನ್ನು ವಿ ಕೆಟಗರಿ ಅಂತ ನಮೂದಿಸಿರಬಹುದು.

ಜೂನ್ 1 ಯಾಕೆ ಅಂದರೆ, ತಿಂಗಳ ಯಾವ ದಿನ ಮಾರಿದರೂ ಆ ತಿಂಗಳು ಪೂರ್ತಿ ಬಳಸಿದ ಲೆಕ್ಕ. ಜೂನ್‌ನಲ್ಲಿ ಮಾರಿದರೆ ವಾಪಸ್ ಕೊಡಲು ತಿಂಗಳೇ ಉಳಿಯುವುದಿಲ್ಲ. ಇದೇ ಕಾರಣಕ್ಕೆ 31ನೇ ತಾರೀಖು ಮಾರಿದರೂ 1ನೇ ತಾರೀಖು ಮಾರಿದರೂ ಒಂದೇ, ಆದರೆ ಒಂದು ದಿನ ತಡವಾಗಿ ಮುಂದಿನ ತಿಂಗಳಿಗೆ ಜಾರಿದರೆ ಒಂದು ತಿಂಗಳ ದುಡ್ಡು ಹೋಯಿತು. ವ್ಯಾಪಾರ ಕುದುರಿದ್ದರೆ ತಿಂಗಳು ಮುಗಿಯುವ ಮೊದಲೇ ಕಾಗದಪತ್ರ ಮುಗಿಸಿ.

ಇನ್ನು ಯಾವುದಕ್ಕೆ ಸಿಗುವುದಿಲ್ಲ ಅನ್ನುವುದು. ಜನ ಎಡವುವುದು ಇಲ್ಲೇ. ಇಂಜಿನ್ ಕೆಟ್ಟು ಎರಡು ತಿಂಗಳು ಗ್ಯಾರೇಜಿನಲ್ಲಿ ನಿಂತಿತ್ತು. ಸಿಗುವುದಿಲ್ಲ. ಡ್ರೈವರ್ ಬಿಟ್ಟುಹೋದ, ಗಾಡಿ ಯಾರ್ಡಿನಲ್ಲಿತ್ತು. ಸಿಗುವುದಿಲ್ಲ. ಊರಿಗೆ ಹೋಗಿದ್ದೆ, ಮೂರು ತಿಂಗಳು ಓಡಿಸಲೇ ಇಲ್ಲ. ಸಿಗುವುದಿಲ್ಲ. ಈ ಸಲ ಲೋಡ್ ಕಮ್ಮಿ ಇತ್ತು ಅಂದರೂ ಇಲ್ಲ. ಕೆಲವು ದಿನ ಕಮ್ಮಿ ಭಾರ ಹೇರಿದ್ದಕ್ಕೆ, ಬಳಕೆ ನಿಲ್ಲಿಸಿದ್ದಕ್ಕೆ, ಬಳಕೆಯ ರೀತಿ ಬದಲಾದದ್ದಕ್ಕೆ ರಿಫಂಡ್ ಇಲ್ಲ ಅಂತ ಐಆರ್‌ಎಸ್ ಸೂಚನೆಯಲ್ಲೇ ಇದೆ. ನಿಂತ ಟ್ರಕ್ಕಿಗೆ ಇರುವ ಒಂದೇ ದಾರಿ ಮೈಲಿ ಲೆಕ್ಕ. ವರ್ಷವಿಡೀ ಸೇರಿ 5,000 ಮೈಲಿ ದಾಟಿಲ್ಲ ಅಂದರೆ ಪೂರ್ತಿ ಟ್ಯಾಕ್ಸ್ ವಾಪಸ್.

ನಾಶ ಅನ್ನುವುದಕ್ಕೂ ಒಂದು ಅರ್ಥ ಇದೆ. ಅಪಘಾತದಲ್ಲೋ ಬೆಂಕಿಯಂಥ ಅನಾಹುತದಲ್ಲೋ, ಮತ್ತೆ ಕಟ್ಟುವ ಖರ್ಚು ಗಿಟ್ಟದಷ್ಟು ಹಾಳಾಗಿರಬೇಕು. ಇನ್ಶೂರೆನ್ಸ್ ಕಂಪನಿ ಟೋಟಲ್ ಲಾಸ್ ಅಂತ ಬರೆದುಕೊಟ್ಟ ಪತ್ರ ಇದ್ದರೆ ಅದೇ ಒಳ್ಳೆಯ ಸಾಕ್ಷಿ. ಬಂಪರ್ ಹೋಗಿ ಕ್ಯಾಬಿನ್ ನಜ್ಜುಗುಜ್ಜಾಗಿ ಕೊನೆಗೆ ರಿಪೇರಿ ಆಗಿ ರಸ್ತೆಗೆ ಬಂದ ಗಾಡಿ ಇದರಲ್ಲಿ ಬರುವುದಿಲ್ಲ.

ಮೈಲಿ ಲೆಕ್ಕದಲ್ಲಿ ಎರಡು ಮಾತು ನೆನಪಿಡಿ. ಮಿತಿ ಇರುವುದು ವಾಹನಕ್ಕೆ, ಮಾಲೀಕರಿಗಲ್ಲ. ನೀವು 3,000 ಮೈಲಿ ಓಡಿಸಿ ಮಾರಿದ್ದೀರಿ, ಕೊಂಡವರು ಅದೇ ವರ್ಷ ಇನ್ನೊಂದು 4,000 ಓಡಿಸಿದರು ಅಂದರೆ ಒಟ್ಟು 7,000 ಆಯಿತು, ಕಮ್ಮಿ ಮೈಲಿ ಕಾರಣ ಕೊಡುವ ಹಾಗಿಲ್ಲ. ಆಗ ಮಾರಾಟದ ಕಾರಣದಲ್ಲೇ ಕೇಳಬೇಕು. ಇನ್ನೊಂದು, ಲೆಕ್ಕಕ್ಕೆ ಬರುವುದು ಸಾರ್ವಜನಿಕ ರಸ್ತೆಯ ಮೈಲಿ ಮಾತ್ರ. ನಿಮ್ಮ ತೋಟದೊಳಗೆ, ಯಾರ್ಡಿನೊಳಗೆ ಓಡಿದ್ದು ಸೇರುವುದಿಲ್ಲ. ಆದರೆ ಅದನ್ನು ತೋರಿಸಲು ಲಾಗ್ ಬೇಕು, ಬಾಯಿಮಾತು ನಡೆಯುವುದಿಲ್ಲ. ಕೃಷಿ ವಾಹನದ 7,500 ಮಿತಿ ಬೇಕಾದರೆ ಆ ಟ್ರಕ್ ಮುಖ್ಯವಾಗಿ ಬೇಸಾಯದ ಕೆಲಸಕ್ಕೇ ಬಳಕೆಯಾಗಿರಬೇಕು, ರಾಜ್ಯದಲ್ಲಿ ರಿಜಿಸ್ಟರ್ ಆಗಿರುವುದೂ ವರ್ಷವಿಡೀ ಹಾಗೇ ಇರಬೇಕು.

ಇನ್ನೊಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ನಿಮ್ಮ ಟ್ರಕ್ಕನ್ನು ಯಾವುದೋ ಕ್ಯಾರಿಯರ್ ಕಂಪನಿಗೆ ಲೀಸ್ ಕೊಟ್ಟಿದ್ದೀರಿ, 2290 ಕಟ್ಟಿದ್ದು ಅವರು, ಆದರೆ ದುಡ್ಡು ನಿಮ್ಮ ವಾರದ ಸೆಟಲ್‌ಮೆಂಟ್‌ನಲ್ಲಿ ಹಿಡಿದುಕೊಂಡಿದ್ದಾರೆ. ಆಗ ಕ್ಲೇಮ್ ಯಾರದ್ದು? ಐಆರ್‌ಎಸ್ ನೋಡುವುದು ಯಾರ ಇಐಎನ್‌ನಲ್ಲಿ (ವ್ಯಾಪಾರಕ್ಕೆ ಐಆರ್‌ಎಸ್ ಕೊಡುವ ಗುರುತಿನ ಸಂಖ್ಯೆ) ಟ್ಯಾಕ್ಸ್ ಕಟ್ಟಲಾಗಿದೆ ಅನ್ನುವುದನ್ನು. ಶೆಡ್ಯೂಲ್ 1ರ ಮೇಲೆ ಯಾರ ಹೆಸರಿದೆ ನೋಡಿ. ಅವರದ್ದಾಗಿದ್ದರೆ ಅವರೇ ಕ್ಲೇಮ್ ಹಾಕಿ ನಿಮಗೆ ಕೊಡಬೇಕು, ಅದನ್ನು ಲೀಸ್ ಮುರಿಯುವ ದಿನವೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಫೋನ್ ಎತ್ತುವವರು ಇರುವುದಿಲ್ಲ.

ಹಂತ 2: ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ

ಕಮ್ಮಿ ಮೈಲಿ ಕಾರಣ ಆದರೆ ಲೆಕ್ಕವೇ ಬೇಡ, ಕಟ್ಟಿದ್ದು ಪೂರ್ತಿ. ತಪ್ಪಾಗಿ ಕಟ್ಟಿದ್ದರೆ ಹೆಚ್ಚಾದದ್ದು ಎಷ್ಟೋ ಅಷ್ಟು. ಮಾರಾಟ, ನಾಶ, ಕಳುವು ಆದರೆ ತಿಂಗಳ ಲೆಕ್ಕ.

ಆ ಟ್ಯಾಕ್ಸ್ ವರ್ಷದಲ್ಲಿ ಟ್ರಕ್ ಮೊದಲು ಓಡಿದ ತಿಂಗಳಿನಿಂದ ಹಿಡಿದು ಮಾರಿದ ತಿಂಗಳ ತನಕ ಎಣಿಸಿ, ಎರಡೂ ತಿಂಗಳು ಸೇರಿಸಿ. ಜುಲೈಯಿಂದ ಅಕ್ಟೋಬರ್ 20ಕ್ಕೆ ಕಳುವಾದರೆ ನಾಲ್ಕು ತಿಂಗಳು. 2290ರ ಸೂಚನೆ ಪುಸ್ತಿಕೆಯ ಕೊನೆಯಲ್ಲಿ ಭಾಗಶಃ ಅವಧಿಯ ಟ್ಯಾಕ್ಸ್ ಕೋಷ್ಟಕ ಇದೆ. ಅದರಲ್ಲಿ ನಾಲ್ಕು ತಿಂಗಳಿಗೆ ವಿ ಕೆಟಗರಿಯ ಮೊತ್ತ 183.33 ಡಾಲರ್. ನೀವು ಕಟ್ಟಿದ್ದು 550. ವಾಪಸ್ ಬರಬೇಕಾದದ್ದು 366.67.

ಈ ಕೋಷ್ಟಕ ನೋಡುವಾಗ ಒಂದು ಗುಂಡಿ ಇದೆ, ಬೀಳಬೇಡಿ. ಕಾಲಂಗಳ ತಲೆಯ ಮೇಲೆ ತಿಂಗಳ ಹೆಸರು, ಪಕ್ಕದಲ್ಲಿ ಕಂಸದೊಳಗೆ ಒಂದು ಅಂಕಿ ಇರುತ್ತದೆ. ಈ ಕೋಷ್ಟಕ ಮಾಡಿದ್ದು ವರ್ಷದ ಮಧ್ಯೆ ಹೊಸದಾಗಿ ಟ್ರಕ್ ಇಳಿಸುವವರಿಗೆ. ಹಾಗಾಗಿ ಅಕ್ಟೋಬರ್ ಕಾಲಂ ಪಕ್ಕ 9 ಅಂತ ಇರುತ್ತದೆ, ಅಕ್ಟೋಬರ್‌ನಿಂದ ಜೂನ್ ತನಕ ಒಂಬತ್ತು ತಿಂಗಳು ಅನ್ನುವ ಅರ್ಥದಲ್ಲಿ. ನೀವು ಅಕ್ಟೋಬರ್‌ನಲ್ಲಿ ಕಳುವಾಯಿತು ಅಂತ ಅಕ್ಟೋಬರ್ ಕಾಲಂ ನೋಡಿದರೆ 412.50 ಸಿಗುತ್ತದೆ, ಅದನ್ನು ಕಳೆದು 137.50 ಅಷ್ಟೇ ಕೇಳುತ್ತೀರಿ. 229 ಡಾಲರ್‌ಗೂ ಮೇಲೆ ಬಿಟ್ಟುಕೊಟ್ಟ ಹಾಗಾಯಿತು. ತಿಂಗಳ ಹೆಸರು ಮರೆತುಬಿಡಿ, ಕಂಸದ ಅಂಕಿಯನ್ನೇ ನೋಡಿ. ನಾಲ್ಕು ತಿಂಗಳು ಬಳಸಿದ್ದರೆ 4 ಅಂತ ಇರುವ ಕಾಲಂ, ಅದು ಮಾರ್ಚ್ ತಿಂಗಳದ್ದು.

ಉತ್ತರ ಸರಿ ಇದೆಯಾ ನೋಡಲು ಒಂದು ಸುಲಭ ದಾರಿ: ವಿ ಕೆಟಗರಿಯಲ್ಲಿ ತಿಂಗಳಿಗೆ 45.83 ಡಾಲರ್ ಬೀಳುತ್ತದೆ. ಬಳಸದೆ ಉಳಿದ ತಿಂಗಳುಗಳನ್ನು ಅದರಿಂದ ಗುಣಿಸಿದರೆ ಒಂದೆರಡು ಸೆಂಟ್ ವ್ಯತ್ಯಾಸದಲ್ಲಿ ಅದೇ ಮೊತ್ತ ಬರಬೇಕು. ಫಾರ್ಮ್‌ನಲ್ಲಿ ಮಾತ್ರ ಕೋಷ್ಟಕದ ಅಂಕಿಯನ್ನೇ ಬರೆಯಿರಿ.

ಹಂತ 3: ಕ್ರೆಡಿಟ್ ಬೇಕಾ, ರಿಫಂಡ್ ಬೇಕಾ?

ಎರಡು ದಾರಿ ಇದೆ. ಮುಂದಿನ 2290 ಸಲ್ಲಿಸುವಾಗ ಅದರ 5ನೇ ಸಾಲಿನಲ್ಲಿ ಕ್ರೆಡಿಟ್ ತೆಗೆದುಕೊಂಡು ಅಷ್ಟು ಕಮ್ಮಿ ಕಟ್ಟುವುದು ಒಂದು. ಫಾರ್ಮ್ 8849 ಹಾಕಿ ದುಡ್ಡನ್ನೇ ವಾಪಸ್ ಕೇಳುವುದು ಇನ್ನೊಂದು.

ಇನ್ನೊಂದು ಟ್ರಕ್ ಕೊಳ್ಳುತ್ತಿದ್ದರೆ ಕ್ರೆಡಿಟ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಾಯುವ ಗೋಳೇ ಇಲ್ಲ. ಡಿಸೆಂಬರ್‌ನಲ್ಲಿ ಹಳೆಯದನ್ನು ಮಾರಿ, ಡಿಸೆಂಬರ್‌ನಲ್ಲೇ ಬೇರೊಂದನ್ನು ರಸ್ತೆಗಿಳಿಸಿದಿರಿ ಅಂದುಕೊಳ್ಳಿ. ಹೊಸದಕ್ಕೆ ಏಳು ತಿಂಗಳ ಟ್ಯಾಕ್ಸ್ 320.83. ಹಳೆಯದರ ಕ್ರೆಡಿಟ್ 275. ಕೈಯಿಂದ ಕೊಡಬೇಕಾದದ್ದು 45.83 ಮಾತ್ರ, ಡಿಸೆಂಬರ್ ತಿಂಗಳು ಎರಡೂ ಟ್ರಕ್ಕಿಗೆ ಲೆಕ್ಕ ಆದದ್ದರಿಂದ.

ಆದರೆ 5ನೇ ಸಾಲಿನ ಕ್ರೆಡಿಟ್ 4ನೇ ಸಾಲಿನ ಟ್ಯಾಕ್ಸ್‌ಗಿಂತ ಜಾಸ್ತಿ ಇರುವ ಹಾಗಿಲ್ಲ. ಅಕ್ಟೋಬರ್‌ನಲ್ಲಿ ಕಳುವಾದ ಟ್ರಕ್ಕಿನ 366.67 ಇದೆ, ಬದಲಿಗೆ ಜನವರಿಯಲ್ಲಿ ಇಳಿಸಿದ ಟ್ರಕ್ಕಿಗೆ ಟ್ಯಾಕ್ಸ್ 275. ಆಗ 275 ಕ್ರೆಡಿಟ್ ತೆಗೆದುಕೊಂಡು, ಮಿಕ್ಕ 91.67ಕ್ಕೆ 8849 ಹಾಕಬೇಕು. ಒಂದೇ ದುಡ್ಡನ್ನು ಎರಡೂ ಕಡೆ ಕೇಳಬೇಡಿ.

ತಪ್ಪಾಗಿ ಜಾಸ್ತಿ ಕಟ್ಟಿದ್ದಕ್ಕೆ 8849 ದಾರಿ. ಕಮ್ಮಿ ಮೈಲಿ ಆದರೆ ವರ್ಷ ಮುಗಿಯುವ ತನಕ, ಅಂದರೆ ಜೂನ್ 30 ದಾಟುವ ತನಕ ಯಾವ ದಾರಿಯಲ್ಲೂ ಕೇಳುವಂತಿಲ್ಲ. ಫೆಬ್ರವರಿಯಲ್ಲೇ ಗೊತ್ತಾಗಿದ್ದರೂ ಕಾಯಲೇಬೇಕು. ಅಂಥ ಟ್ರಕ್ ಮುಂದಿನ ವರ್ಷವೂ 5,000 ದಾಟುವುದಿಲ್ಲ ಅಂತ ನಿಮಗನ್ನಿಸಿದರೆ, ಹೊಸ 2290ರಲ್ಲಿ ಅದನ್ನು ಡಬ್ಲ್ಯು ಕೆಟಗರಿಯಲ್ಲಿ ತೋರಿಸಿ. ಟ್ಯಾಕ್ಸ್ ಕಟ್ಟದೆಯೇ ಶೆಡ್ಯೂಲ್ 1 ಸಿಗುತ್ತದೆ. ಕಟ್ಟಿ ವಾಪಸ್ ಕೇಳುವ ಕೆಲಸವೇ ಇಲ್ಲ. ಮಿತಿ ದಾಟಿದರೆ ಮಾತ್ರ ಆಗ ಕಟ್ಟಬೇಕಾಗುತ್ತದೆ.

ಮೇ ತಿಂಗಳಲ್ಲಿ ಮಾರಿದವರಿಗೆ ಬರುವುದು 45.83 ಡಾಲರ್. ಅಷ್ಟಕ್ಕೇ ಬೇರೆ 8849 ಬೇಡ ಅನ್ನಿಸಿದರೆ ಆಗಸ್ಟ್‌ನಲ್ಲಿ ಬೇರೆ ಟ್ರಕ್ಕುಗಳ 2290 ಹಾಕುವಾಗ 5ನೇ ಸಾಲಿನಲ್ಲಿ ಸೇರಿಸಿಬಿಡಿ.

ಹಂತ 4: 8849 ಮತ್ತು ಶೆಡ್ಯೂಲ್ 6 ತುಂಬುವುದು

8849ರ ಮುಖ್ಯ ಹಾಳೆಯಲ್ಲಿ ಜಾಸ್ತಿ ಏನಿಲ್ಲ. ಹೆಸರು, ವಿಳಾಸ, ಇಐಎನ್, ಫೋನ್. 2290ರಲ್ಲಿ ಹೇಗಿತ್ತೋ ಹಾಗೇ ಬರೆಯಿರಿ, ಕಂಪನಿ ಹೆಸರಿನ ಕೊನೆಯ ಎಲ್‌ಎಲ್‌ಸಿ ಕೂಡ ಬಿಡಬೇಡಿ. ನಿಮ್ಮ ಆದಾಯ ತೆರಿಗೆ ವರ್ಷ ಯಾವ ತಿಂಗಳಲ್ಲಿ ಮುಗಿಯುತ್ತದೆ ಅಂತ ಒಂದು ಚೌಕ ಇದೆ. ಹೆಚ್ಚಿನವರಿಗೆ ಅದು ಡಿಸೆಂಬರ್, 12 ಅಂತ ಬರೆದರೆ ಆಯಿತು. 2290ರ ವರ್ಷ ಜೂನ್‌ಗೆ ಮುಗಿಯುತ್ತದಲ್ವಾ ಅಂತ ಇಲ್ಲಿ 06 ಬರೆಯಬೇಡಿ. ಕೆಳಗೆ ಶೆಡ್ಯೂಲ್ 6ರ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ. ಸಹಿ ಮರೆತು ವಾಪಸ್ ಬರುವ ಅರ್ಜಿ ತುಂಬಾ.

ಶೆಡ್ಯೂಲ್ 6 ಅಂದರೆ ಇತರ ಕ್ಲೇಮ್‌ಗಳು. ಮೇಲೆ ಮತ್ತೆ ಹೆಸರು, ಇಐಎನ್, ಒಟ್ಟು ರಿಫಂಡ್ ಮೊತ್ತ. ಕ್ಲೇಮ್ ಅವಧಿಯ ತಾರೀಖುಗಳನ್ನು ತಿಂಗಳು, ದಿನ, ವರ್ಷ ಈ ಕ್ರಮದಲ್ಲಿ ಎಂಟು ಅಂಕಿಯಲ್ಲಿ ಬರೆಯಬೇಕು. ನಮಗೆ ದಿನ ಮೊದಲು ಬರೆದು ಅಭ್ಯಾಸ. ನವೆಂಬರ್ 4ನ್ನು 04112024 ಅಂತ ಬರೆದರೆ ಅದು ಏಪ್ರಿಲ್ 11 ಆಗಿಬಿಡುತ್ತದೆ, ನಿಮ್ಮ ತಿಂಗಳ ಲೆಕ್ಕವೇ ಬುಡಮೇಲು. 11042024 ಅಂತ ಬರೆಯಿರಿ. ಕೆಳಗಿನ ಸಾಲಿನಲ್ಲಿ ಟ್ಯಾಕ್ಸ್ ಅನ್ನುವ ಜಾಗಕ್ಕೆ ಫಾರ್ಮ್ 2290, ಪಕ್ಕದಲ್ಲಿ ಮೊತ್ತ, ಅದರ ಪಕ್ಕದಲ್ಲಿ ಸಿಆರ್‌ಎನ್ ಅನ್ನುವ ಸಂಖ್ಯೆ. 2290ಕ್ಕೆ ಅದು 365.

ಇದೇ 8849ಕ್ಕೆ ಇಂಧನ ತೆರಿಗೆಯ ಕ್ಲೇಮ್‌ಗಳಿಗೂ ಬೇರೆ ಬೇರೆ ಶೆಡ್ಯೂಲ್‌ಗಳಿವೆ. 2, 3, 5, 8ನೇ ಶೆಡ್ಯೂಲ್‌ಗಳನ್ನು 6ರ ಜೊತೆ ಒಂದೇ ಅರ್ಜಿಯಲ್ಲಿ ಸೇರಿಸಬೇಡಿ. ಆದಾಯ ತೆರಿಗೆ ರಿಟರ್ನ್ ಜೊತೆಗೂ ಕಳಿಸಬೇಡಿ.

ಹಂತ 5: ವಿವರಣೆಯ ಹಾಳೆ. ಇದೇ ಮುಖ್ಯ

ಕ್ಲೇಮ್ ನಿಲ್ಲುವುದು, ಬೀಳುವುದು ಈ ಹಾಳೆಯ ಮೇಲೆ. ಮಾರಾಟ, ನಾಶ ಅಥವಾ ಕಳುವಾದ ಪ್ರತಿ ಟ್ರಕ್ಕಿಗೂ ಬೇಕಾದದ್ದು ಇಷ್ಟು: ಪೂರ್ತಿ 17 ಅಕ್ಷರ-ಅಂಕಿಗಳ ವಿಐಎನ್ (ವಾಹನದ ಗುರುತಿನ ಸಂಖ್ಯೆ), ತೂಕದ ಕೆಟಗರಿ, ಘಟನೆ ನಡೆದ ತಾರೀಖು, ನೀವು ಮಾಡಿದ ಲೆಕ್ಕದ ಪ್ರತಿ. ಮಾರಿದ್ದಾದರೆ ಕೊಂಡವರ ಹೆಸರು ಮತ್ತು ವಿಳಾಸ ಕೂಡ ಬೇಕು. 2015ರ ಜುಲೈ 1ರಿಂದ ಈಚೆಗೆ ಆದ ಎಲ್ಲಾ ಮಾರಾಟಕ್ಕೂ ಇದು ಕಡ್ಡಾಯ. 5ನೇ ಸಾಲಿನ ಕ್ರೆಡಿಟ್ ತೆಗೆದುಕೊಂಡರೂ ಇದೇ ವಿವರ ಲಗತ್ತಿಸಬೇಕು.

ಕೊಂಡವರ ವಿಳಾಸವೇ ತುಂಬಾ ಜನರಿಗೆ ಕೈಕೊಡುವುದು. ಪಾರ್ಕಿಂಗ್ ಜಾಗದಲ್ಲಿ ನಿಂತು ದುಡ್ಡು ಎಣಿಸಿ, ಟೈಟಲ್‌ಗೆ (ಮಾಲೀಕತ್ವದ ಪತ್ರ) ಸಹಿ ಮಾಡಿ ಕೈಕುಲುಕಿ ಹೋಗಿಬಿಟ್ಟಿರುತ್ತಾರೆ. ನಾಲ್ಕು ತಿಂಗಳಾದ ಮೇಲೆ ಆ ಮನುಷ್ಯ ಎಲ್ಲಿ ಅಂತ ಹುಡುಕುವುದು? ಮಾರುವ ದಿನವೇ ಬಿಲ್ ಆಫ್ ಸೇಲ್ ಮೇಲೆ ಹೆಸರು, ವಿಳಾಸ, ತಾರೀಖು, ವಿಐಎನ್, ಓಡೋಮೀಟರ್ ಅಂಕಿ ಐದೂ ಬರೆಸಿ, ಸಹಿ ಹಾಕಿಸಿ, ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯದನ್ನು ಡೀಲರ್‌ಗೆ ಕೊಟ್ಟು ಹೊಸದು ತಂದಿದ್ದರೆ ಡೀಲರ್ ಕೊಟ್ಟ ಕಾಗದದಲ್ಲೇ ಅವರ ವಿಳಾಸ ಇರುತ್ತದೆ.

ಕಮ್ಮಿ ಮೈಲಿ ಕ್ಲೇಮ್‌ಗೆ ವರ್ಷದ ಶುರುವಿನ ಮತ್ತು ಕೊನೆಯ ಓಡೋಮೀಟರ್ ಅಂಕಿ ಜೊತೆಗಿರಲಿ. ರಿಪೇರಿ ಬಿಲ್ಲುಗಳಲ್ಲಿ ಆ ದಿನದ ಅಂಕಿ ಬರೆದಿರುತ್ತಾರೆ, ಅವು ಒಳ್ಳೆಯ ಆಧಾರ. ಎರಡು ಸಲ ಕಟ್ಟಿದ್ದಾದರೆ ಎರಡೂ ಶೆಡ್ಯೂಲ್ 1ರ ಪ್ರತಿ ಇಟ್ಟು, ಏನಾಯಿತು ಅಂತ ನಾಲ್ಕು ಸಾಲಿನಲ್ಲಿ ನೇರವಾಗಿ ಬರೆಯಿರಿ. ಅರ್ಜಿ ನೋಡುವವರಿಗೆ ಬೇಕಿರುವುದು ತಾರೀಖು, ಮೊತ್ತ, ವಿಐಎನ್.

ಹಂತ 6: ಕಳಿಸುವುದು, ಕಾಯುವುದು

ಕಾಗದದಲ್ಲಿ ಕಳಿಸಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕಾಗದ ಆದರೆ ಆಗಿನ ಹೊಸ ಸೂಚನೆಯಲ್ಲಿ ಶೆಡ್ಯೂಲ್ 6ಕ್ಕೆ ಯಾವ ವಿಳಾಸ ಕೊಟ್ಟಿದ್ದಾರೋ ಅಲ್ಲಿಗೇ, ರಸೀದಿ ಸಿಗುವ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ಆನ್‌ಲೈನ್ ಆದರೆ ಐಆರ್‌ಎಸ್ ಒಪ್ಪಿಗೆ ಇರುವ ಖಾಸಗಿ ಸಂಸ್ಥೆಗಳ ಮೂಲಕ ಹಾಕಬೇಕು, ಅವರು ಸಣ್ಣ ಶುಲ್ಕ ತೆಗೆದುಕೊಳ್ಳುತ್ತಾರೆ. ರಿಫಂಡ್‌ನಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನುವವರ ಹತ್ತಿರ ಹೋಗಬೇಡಿ. ಒಂದು ಗಂಟೆಯ ಕೆಲಸಕ್ಕೆ ನಿಮ್ಮ ದುಡ್ಡಿನಲ್ಲಿ ಪಾಲು ಯಾಕೆ?

ಗಡುವು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಿ 3 ವರ್ಷ ಅಥವಾ ಟ್ಯಾಕ್ಸ್ ಕಟ್ಟಿ 2 ವರ್ಷ, ಯಾವುದು ತಡವೋ ಅದು. ಅಂದರೆ ಹೋದ ವರ್ಷ ಮಾರಿದ ಟ್ರಕ್ಕಿನದ್ದನ್ನು ಈಗಲೂ ಕೇಳಬಹುದು. ಹಳೆಯ ಫೈಲ್ ಒಮ್ಮೆ ತೆಗೆದು ನೋಡಿ.

ದುಡ್ಡು ಬರಲು ವಾರಗಟ್ಟಲೆ ಹಿಡಿಯುತ್ತದೆ. ಈ ನಡುವೆ ಮನೆಯೋ ಆಫೀಸೋ ಬದಲಾಯಿಸಿದ್ದರೆ ಫಾರ್ಮ್ 8822-ಬಿ ಹಾಕಿ ಹೊಸ ವಿಳಾಸ ತಿಳಿಸಿ, ಇಲ್ಲದಿದ್ದರೆ ಐಆರ್‌ಎಸ್ ಕಳಿಸಿದ್ದು ಹಳೆಯ ವಿಳಾಸಕ್ಕೆ ಹೋಗುತ್ತದೆ. 2290ಕ್ಕೇ ಮೀಸಲಾದ ಐಆರ್‌ಎಸ್ ಸಹಾಯವಾಣಿ ಇದೆ, 866-699-4096. ಫೋನ್ ಮಾಡುವಾಗ ಇಐಎನ್, ವಿಐಎನ್, ಕಳಿಸಿದ ತಾರೀಖು ಕೈಯಲ್ಲಿರಲಿ. ಹೆಚ್ಚಿನ ವಿವರ ಕೇಳಿ ಪತ್ರ ಬಂದರೆ ಹೆದರಬೇಡಿ, ಅದರಲ್ಲಿ ಕೊಟ್ಟ ದಿನದೊಳಗೆ ಕೇಳಿದ್ದನ್ನಷ್ಟೇ ಕಳಿಸಿ, ಪತ್ರದ ಪ್ರತಿಯನ್ನೂ ಮೇಲೆ ಇಡಿ.

ರಿಫಂಡ್ ಬಂದ ಮೇಲೆ ಅಕೌಂಟೆಂಟ್‌ಗೆ ಹೇಳಿ. 550 ಡಾಲರನ್ನು ವ್ಯಾಪಾರದ ಖರ್ಚು ಅಂತ ಆದಾಯ ತೆರಿಗೆಯಲ್ಲಿ ಕಳೆದಿದ್ದರೆ, ವಾಪಸ್ ಬಂದದ್ದನ್ನು ಲೆಕ್ಕಕ್ಕೆ ತರಬೇಕು. ಇನ್ನು ಹಲವು ರಾಜ್ಯಗಳಲ್ಲಿ ಓಡಲು ಮಾಡಿಸುವ ಐಆರ್‌ಪಿ ಪ್ಲೇಟ್, ಹಲವು ರಾಜ್ಯಗಳ ಇಂಧನ ತೆರಿಗೆಯ ಐಎಫ್‌ಟಿಎ ಇವೆಲ್ಲ ರಾಜ್ಯದ ಮಟ್ಟದ್ದು, 8849ಕ್ಕೂ ಅವಕ್ಕೂ ಸಂಬಂಧ ಇಲ್ಲ. ಪ್ಲೇಟ್ ಶುಲ್ಕದಲ್ಲಿ ಏನಾದರೂ ವಾಪಸ್ ಸಿಗುತ್ತಾ ಅಂತ ನಿಮ್ಮ ರಾಜ್ಯದ ಕಚೇರಿಯಲ್ಲೇ ವಿಚಾರಿಸಿ.

ಕಾಗದಗಳನ್ನು ಟ್ಯಾಕ್ಸ್‌ನ ಗಡುವು ಅಥವಾ ಕಟ್ಟಿದ ದಿನ, ಯಾವುದು ಕೊನೆಯೋ ಅಲ್ಲಿಂದ ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕು: ಶೆಡ್ಯೂಲ್ 1, ಬಿಲ್ ಆಫ್ ಸೇಲ್, ಪೊಲೀಸ್ ವರದಿ ಅಥವಾ ಇನ್ಶೂರೆನ್ಸ್ ಪತ್ರ, 8849ರ ಪ್ರತಿ, ಅಂಚೆ ರಸೀದಿ. ಡಬ್ಲ್ಯು ಕೆಟಗರಿಯಲ್ಲಿ ಇಟ್ಟ ಟ್ರಕ್ಕಿನ ಮೈಲಿ ಲಾಗ್ ಕೂಡ ಆ ಟ್ಯಾಕ್ಸ್ ವರ್ಷ ಮುಗಿದು 3 ವರ್ಷ ಆಗುವ ತನಕ ಇರಲಿ.